ಕಾರವಾರವೋ, ಕೊಪ್ಪಳವೋ?

ಈ ವರ್ಷ ನೀಟ್ ರ‍್ಯಾಂಕು ಹಿಡಿದು ಆಪ್ಷನ್ ಎಂಟ್ರಿಯ ಮುಂದೆ ಕೂತಿರುವ ಮಕ್ಕಳೇ, ಅವರ ಬೆನ್ನ ಹಿಂದೆ ನಿಂತು ಕತ್ತು ಚಾಚಿ ಇಣುಕುತ್ತಿರುವ ಅಪ್ಪ ಅಮ್ಮಂದಿರೇ,

ಪ್ರತಿ ವರ್ಷ ಈ ದಿನಗಳಲ್ಲಿ, ಸಂಜೆಯ ಕೊನೆಯ ರೋಗಿ ಹೋದ ಮೇಲೂ ಮಂಡ್ಯದ ನನ್ನ ಕ್ಲಿನಿಕ್ಕಿನ ಬಾಗಿಲು ಹಾಕಲಾಗುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಒಂದು ಕುಟುಂಬ ಕೂತಿರುತ್ತದೆ. ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅಮ್ಮನ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ನಡುವೆ ಹದಿನೆಂಟರ ಮಗು. "ಮೇಡಂ, ರ‍್ಯಾಂಕು ಬಂದದೆ. ಯಾವ ಕಾಲೇಜು ಮೇಲೆ ಹಾಕೋದು, ಯಾವುದು ಕೆಳಗೆ ಹಾಕೋದು?" ಬಾಳೆಹಣ್ಣು ತೆಗೆದುಕೊಂಡ ತಪ್ಪಿಗೆ ಒಂದು ಗಂಟೆ ಮಾತಾಡಬೇಕು. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ಹೀಗೆ ಬಂದವಳು ನಮ್ಮ ಬೀದಿಯದೇ ಹುಡುಗಿ. ಅಪ್ಪ ಆಲೆಮನೆ ನಡೆಸುವವರು. ಅವಳು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಕಾರವಾರ, ಇನ್ನೊಂದು ಕಡೆ ಕೊಪ್ಪಳ ಎಂದು ಬರೆದುಕೊಂಡಿದ್ದಳು. ಎರಡೂ ಸರ್ಕಾರಿ ಕಾಲೇಜು, ಎರಡೂ 2015ರ ಆಸುಪಾಸಿನಲ್ಲಿ ಹುಟ್ಟಿದವು. ಕಾರವಾರದ ಕೆಳಗೆ: ಸಮುದ್ರ, ವಿಪರೀತ ಮಳೆ, ಗೋವಾ ಹತ್ತಿರ, ಮನೆಗೆ ದೂರ. ಕೊಪ್ಪಳದ ಕೆಳಗೆ: ಹಂಪಿ ಹತ್ತಿರ, ವಿಪರೀತ ಬಿಸಿಲು, ಒಂದೇ ರೈಲು. ಇದರಲ್ಲಿ ರೈಲನ್ನು ಸೇರಿಸಿದ್ದು ಅಪ್ಪ. ಮಂಡ್ಯದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ಕೊಪ್ಪಳದಲ್ಲೇ, ನಡುವೆ ಬದಲಿಸುವ ತಾಪತ್ರಯವಿಲ್ಲ. ಅಮ್ಮನದು ಒಂದೇ ಪ್ರಶ್ನೆ: "ಮುದ್ದೆ ಸಿಕ್ತದಾ ಅಲ್ಲಿ?"

ಎರಡೂ ಕಡೆ ಸಿಕ್ಕುವುದಿಲ್ಲ ಎಂದೆ. ಒಂದು ಕಡೆ ಕುಚಲಕ್ಕಿ ಅನ್ನ, ಇನ್ನೊಂದು ಕಡೆ ಜೋಳದ ರೊಟ್ಟಿ. ಆಕೆಯ ಮುಖ ಸಣ್ಣಗಾಯಿತು.

ಆ ಹಾಳೆಯನ್ನು ತುಂಬ ಹೊತ್ತು ನೋಡಿದೆ. ಸಮುದ್ರವಿತ್ತು, ಹಂಪಿಯಿತ್ತು, ಬಿಸಿಲು, ಮಳೆ, ರೈಲು ಎಲ್ಲ ಇತ್ತು. ಎರಡೂ ಕಡೆ ಒಬ್ಬನೇ ಒಬ್ಬ ರೋಗಿ ಇರಲಿಲ್ಲ.

ನಗುವ ಯೋಗ್ಯತೆ ನನಗಿಲ್ಲ. 1997ರಲ್ಲಿ ನಾನು ಕಾಲೇಜು ಆರಿಸಿದ್ದೂ ಹೀಗೇ. ಆಗ ಆನ್‌ಲೈನ್ ಇರಲಿಲ್ಲ. ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ ಸಿಇಟಿ ಕೌನ್ಸೆಲಿಂಗ್. ಎದುರುಬದುರು ಕೂತು, ಉಳಿದ ಸೀಟುಗಳ ಪಟ್ಟಿ ನೋಡಿ, ನಿಂತ ಮೆಟ್ಟಿನಲ್ಲಿ ಹೇಳಬೇಕು. ಅಪ್ಪನಿಗೆ ಮೈಸೂರಿನ ಆಸೆ. ನಮ್ಮ ಸರದಿ ಬರುವಷ್ಟರಲ್ಲಿ ಮೈಸೂರು ಖಾಲಿ. ಉಳಿದದ್ದು ಹುಬ್ಬಳ್ಳಿ, ಬಳ್ಳಾರಿ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಯಾರೋ ಜೋಕು ಹೇಳಿದ್ದು ತಲೆಯಲ್ಲಿತ್ತು. "ಹುಬ್ಬಳ್ಳಿ" ಎಂದೆ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಹೌಸ್‌ಸರ್ಜನ್ಸಿ. ಆ ಐದೂವರೆ ವರ್ಷ ಎಲ್ಲಿ ಕಳೆಯಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಜೋಕಿನ ಮೇಲೆ.

ಹಾಗಾಗಿ ಊರು ನೋಡಿ ಕಾಲೇಜು ಆರಿಸುವುದು ಬೇಜವಾಬ್ದಾರಿ ಎಂದು ಬೈಯಲು ನಾನು ಬರೆಯುತ್ತಿಲ್ಲ. ಊರನ್ನೇ ನೋಡಿ. ಆದರೆ ಸಂಜೆ ಐದರ ನಂತರದ ಊರನ್ನಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಸಾಲಿನಲ್ಲಿ ನಿಂತಿರುತ್ತದಲ್ಲ, ಆ ಊರನ್ನು ನೋಡಿ.

ಪುಸ್ತಕದ ವಿಷಯಕ್ಕೆ ಊರು ಲೆಕ್ಕಕ್ಕೇ ಬರುವುದಿಲ್ಲ. ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ರಾಜ್ಯದ ಕಾಲೇಜುಗಳೆಲ್ಲ ಬಹುಪಾಲು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿವೆ. ಬೀದರಿನಲ್ಲಿ ಓದಿದವನಿಗೂ ಚಾಮರಾಜನಗರದಲ್ಲಿ ಓದಿದವಳಿಗೂ ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ಪದವಿ. ಪೀಜಿ ಪ್ರವೇಶಕ್ಕೆ ಕೋಚಿಂಗ್ ಸಿಗಬೇಕಾದರೆ ಬೆಂಗಳೂರೇ ಆಗಬೇಕು ಎಂಬ ಮಾತು ನನ್ನ ಕಾಲದಲ್ಲಿ ನಿಜವಿತ್ತು. ಈಗ ಮ್ಯಾರೋ ಎಂಬ ಕೋಚಿಂಗ್ ಆ್ಯಪ್ ಕಾರವಾರದ ಹಾಸ್ಟೆಲ್ಲಿನ ಮಂಚದ ಮೇಲೂ ಓಡುತ್ತದೆ, ಕರೆಂಟು ಇದ್ದರೆ.

ಊರು ಬದಲಾದರೆ ಬದಲಾಗುವುದು ಹಾಸಿಗೆಯ ಮೇಲೆ ಮಲಗಿರುವವರು.

ಶಿವಮೊಗ್ಗದಲ್ಲಿ ಓದುವವರಿಗೆ ಮಂಗನ ಕಾಯಿಲೆ ಪ್ರಶ್ನೆಪತ್ರಿಕೆಯ ಐದು ಅಂಕವಲ್ಲ. 1957ರಲ್ಲಿ ಅದು ಮೊದಲು ಕಂಡದ್ದೇ ಆ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ, ದರಗು ತರಲು ಕಾಡಿಗೆ ಹೋದವರು ಉಣ್ಣಿ ಕಚ್ಚಿಸಿಕೊಂಡು ಜ್ವರದಲ್ಲಿ ಬರುತ್ತಾರೆ. ಜ್ವರ ಎಂದ ತಕ್ಷಣ "ಕಾಡಿಗೆ ಹೋಗಿದ್ರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?" ಎಂದು ಕೇಳುವ ಅಭ್ಯಾಸ ಪುಸ್ತಕದಿಂದ ಬರುವುದಿಲ್ಲ. ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರದ ಕಡೆಗೂ ಆ ಕಾಯಿಲೆ ಹಬ್ಬಿದೆ. ಕರಾವಳಿಯ ಮಳೆಗಾಲದ ಜ್ವರ ಎಂದರೆ ಇಲಿಜ್ವರ, ಮಲೇರಿಯಾ. ಗದ್ದೆಯಲ್ಲಿ ನಿಂತು ಕೆಲಸ ಮಾಡಿದವರ ಕಾಲಿನ ಗಾಯವನ್ನು ನೀವು ನೋಡಿರಬೇಕು, ಆಮೇಲೆ ಅವರ ಕಣ್ಣಿನ ಹಳದಿಯನ್ನು.

ಕೊಪ್ಪಳದ ಕಥೆ ಬೇರೆ. ಯಲಬುರ್ಗಾ, ಕುಷ್ಟಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿದ ಹಿರಿಯರಲ್ಲಿ ಬೆನ್ನುಮೂಳೆ ಸೆಟೆದು, ಕೀಲು ಬಗ್ಗದೆ, ಕತ್ತು ತಿರುಗಿಸಲು ಇಡೀ ಮೈ ತಿರುಗಿಸಬೇಕು. ಗಂಗಾವತಿಯ ಭತ್ತದ ಸೀಮೆಯಿಂದ ಕೀಟನಾಶಕ ಕುಡಿದವರು ಬರುತ್ತಾರೆ. ನಮ್ಮ ಮಂಡ್ಯದಲ್ಲೂ ಅದೇ, ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ. ಬಾಯಲ್ಲಿ ನೊರೆ, ಬೆವರು, ಸಾಸಿವೆ ಕಾಳಿನಷ್ಟು ಸಣ್ಣಗಾದ ಕಣ್ಣಪಾಪೆ, ಬಟ್ಟೆಯಿಂದ ಏಳುವ ಬೆಳ್ಳುಳ್ಳಿಯಂಥ ವಾಸನೆ. ಒಮ್ಮೆ ಮೂಗಿಗೆ ಬಿದ್ದರೆ, ಕ್ಯಾಶುವಾಲಿಟಿಯ ಬಾಗಿಲಲ್ಲಿ ಸ್ಟ್ರೆಚರ್ ಕಾಣಿಸುವ ಮುಂಚೆಯೇ ಕೈ ಅಟ್ರೋಪಿನ್ ಕಡೆ ಹೋಗುತ್ತದೆ.

ಹಾವೂ ಊರಿಗೊಂದು. ನಮ್ಮಲ್ಲಿ ಸಿಗುವ ಆಂಟಿವೀನಂ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಬಯಲುಸೀಮೆಯ ವೈದ್ಯ ಇವುಗಳ ಲೆಕ್ಕದಲ್ಲೇ ಯೋಚಿಸುತ್ತಾನೆ. ಪಶ್ಚಿಮಘಟ್ಟದ ತೋಟಗಳಲ್ಲಿ ಗುಳಿಮಂಡಲದ ಜಾತಿಯದೊಂದು ಸಣ್ಣ ಹಾವಿದೆ. ನೋಡಲು ಕೊಳಕುಮಂಡಲದ ಮರಿಯ ಹಾಗೆ. ಅದು ಕಚ್ಚಿದರೆ ಈ ಔಷಧಿ ಎಷ್ಟು ಬಾಟಲಿ ಏರಿಸಿದರೂ ಕೆಲಸಕ್ಕೆ ಬಾರದು. ಕಚ್ಚಿದ ಹಾವು ಯಾವುದೆಂದು ನಾಲ್ಕು ಪ್ರಶ್ನೆಯಲ್ಲಿ ಹೊರತೆಗೆಯುವುದನ್ನು ಘಟ್ಟದ ಆಸ್ಪತ್ರೆ ಕಲಿಸುತ್ತದೆ.

"ಹಾಗಾದರೆ ಬೆಂಗಳೂರಿಗೆ ರೋಗಿಗಳೇ ಬರಲ್ವಾ?" ಎನ್ನುತ್ತೀರಿ. ಬರುತ್ತಾರೆ, ಕಾಲಿಡಲು ಜಾಗವಿಲ್ಲದಷ್ಟು. 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ, ಪಕ್ಕದ ವಾಣಿವಿಲಾಸ, ಮಿಂಟೋ ಎಲ್ಲ ಬೆಂಗಳೂರು ಮೆಡಿಕಲ್ ಕಾಲೇಜಿನವು. ಆ ರ‍್ಯಾಂಕು ಬಂದಿದ್ದರೆ ಕಣ್ಣು ಮುಚ್ಚಿ ಸೇರಿಕೊಳ್ಳಿ, ಈ ಕಾಗದ ಮಡಚಿಡಿ. ಆದರೆ ರಾಜಧಾನಿಯಲ್ಲಿ ಒಂದು ವಿಚಿತ್ರವಿದೆ. ಎದೆ ಹಿಡಿದುಕೊಂಡವನು ಜಯದೇವಕ್ಕೆ, ಕ್ಯಾನ್ಸರ್ ಆದವಳು ಕಿದ್ವಾಯಿಗೆ, ಮನಸ್ಸು ಕೆಟ್ಟವರು ನಿಮ್ಹಾನ್ಸಿಗೆ ಹೋಗುತ್ತಾರೆ. ಮೈಯ ಒಂದೊಂದು ಭಾಗಕ್ಕೆ ಒಂದೊಂದು ವಿಳಾಸ. ಜಿಲ್ಲಾಸ್ಪತ್ರೆಯಲ್ಲಿ ಇವರೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಯಾರಿಗೆ ಏನಾಗಿದೆ ಎಂದು ಮೊದಲು ಊಹಿಸಬೇಕಾದವರು ನೀವು.

ಇನ್ನೊಂದು, ನಮ್ಮ ಹಾಸ್ಟೆಲ್ಲಿನಲ್ಲಿ ಓಡಾಡುತ್ತಿದ್ದ ಮಾತು: ಪೀಜಿ ಇದ್ದಲ್ಲಿ ಯೂಜಿಗೆ ಸೂಜಿ ಸಿಗಲ್ಲ. ದೊಡ್ಡ ಕಾಲೇಜುಗಳಲ್ಲಿ ಹಾಸಿಗೆಯ ಸುತ್ತ ಮೊದಲ ಸುತ್ತು ಪೀಜಿಗಳದ್ದು, ಎರಡನೆಯದು ಹೌಸ್‌ಸರ್ಜನ್ನರದ್ದು, ಅವರ ಭುಜಗಳ ಸಂದಿಯಿಂದ ನಿಮಗೆ ಕಾಣಿಸುವುದು ರೋಗಿಯ ಹೆಬ್ಬೆರಳು. ಪೀಜಿಗಳು ಕಡಿಮೆಯಿರುವ ಹೊಸ ಕಾಲೇಜಿನಲ್ಲಿ ಹೆರಿಗೆ ಮಾಡಿಸುವ, ಹೊಲಿಗೆ ಹಾಕುವ, ರಾತ್ರಿ ಎರಡಕ್ಕೆ ಐವಿ ಲೈನ್ ಹುಡುಕುವ ಕೆಲಸ ಹೌಸ್‌ಸರ್ಜನ್ನರ ಪಾಲಿಗೇ ಬೀಳುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಹಳ್ಳಿಗೆ ಅಟ್ಟುವ ಉಪದೇಶಕಿ ನಾನಲ್ಲ. ಪೀಜಿಗಳೇ ಇಲ್ಲದ ಕಡೆ ರಾತ್ರಿ ಹೊತ್ತು ಕೇಳಲು ಯಾರಿರುತ್ತಾರೆ? ನನಗೆ ಇಸಿಜಿ ಓದಲು ಕಲಿಸಿದ್ದು ಪ್ರೊಫೆಸರಲ್ಲ, ನಿದ್ದೆಗೆಟ್ಟ ಒಬ್ಬ ಪೀಜಿ, ಡ್ಯೂಟಿ ರೂಮಿನ ಮಂಚದ ಮೇಲೆ ಕೂತು. ಹೊಸ ಕಾಲೇಜು ಎಂದರೆ ಅಲ್ಲಲ್ಲಿ ಖಾಲಿ ಕುರ್ಚಿಗಳೂ ಇರುತ್ತವೆ. ಯಾವ ವಿಭಾಗದಲ್ಲಿ ಪಾಠ ಮಾಡುವವರಿದ್ದಾರೆ, ಯಾವುದರಲ್ಲಿ ಬೋರ್ಡು ಮಾತ್ರ ಇದೆ ಎಂಬುದು ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಅಲ್ಲಿನ ಎರಡನೇ ವರ್ಷದ ಮಕ್ಕಳನ್ನು ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಮಾತಿನ ವಿಷಯ. ಕನ್ನಡದ ಹುಡುಗಿಗೆ ಕನ್ನಡ ನಾಡಿನಲ್ಲಿ ಭಾಷೆಯ ತೊಡಕೇನು ಎಂದುಕೊಂಡೇ ನಾನೂ ಹುಬ್ಬಳ್ಳಿ ಬಸ್ಸು ಹತ್ತಿದ್ದೆ. ವಾರ್ಡಿನಲ್ಲಿ ನನ್ನ ಮೊದಲ ರೋಗಿ ಬಾಗಲಕೋಟೆ ಕಡೆಯ ಅಜ್ಜಿ. "ಏನಾಗೈತಿ ಅಜ್ಜಿ" ಎಂದು ಕಲಿತಿದ್ದ ಮಾತನ್ನು ಒಪ್ಪಿಸಿದೆ. "ನಡಾ ಹಿಡದೈತಿ ಯವ್ವಾ" ಎಂದರು. ನಡಿಗೆ ಹಿಡಿದುಕೊಂಡಿದೆ, ನಡೆಯಲಾಗುತ್ತಿಲ್ಲ ಎಂದು ಅರ್ಥ ಮಾಡಿಕೊಂಡು ನರರೋಗದ ದೊಡ್ಡ ಕೇಸೇ ಸಿಕ್ಕಿತೆಂದು ಎರಡು ಪುಟ ಬರೆದೆ. ಸರ್ ಎಲ್ಲರ ಮುಂದೆ ಓದಿಸಿದರು. ಓದಿ ಮುಗಿಯುವಷ್ಟರಲ್ಲಿ ಅಜ್ಜಿ ಮಂಚದಿಂದಿಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಳದ ಕಡೆ ಸರಾಗವಾಗಿ ನಡೆದುಹೋದರು. ನಡಾ ಎಂದರೆ ಸೊಂಟ. ಇಡೀ ಬ್ಯಾಚು ಹೌಸ್‌ಸರ್ಜನ್ಸಿ ಮುಗಿಯುವವರೆಗೂ ನನ್ನನ್ನು "ನಡಾ ಡಾಕ್ಟರ್" ಎಂದೇ ಕರೆಯಿತು.

ಅಲ್ಲಿ ಜ್ವರಕ್ಕೆ ಬಹುವಚನ: "ಜ್ವರಾ ಬಂದಾವ್ರಿ." ಎಷ್ಟು ಬಂದಿವೆ ಎಂದು ಕೇಳಬೇಕೆನ್ನಿಸುತ್ತಿತ್ತು. ಕಾಯಿಲೆ ಎನ್ನಲು "ಆರಾಮಿಲ್ರಿ", ನೋವು ಎನ್ನಲು "ಬ್ಯಾನಿ", ಕಷ್ಟ ಎನ್ನಲು "ತ್ರಾಸ". ಹೆಂಗಸರು ಮುಟ್ಟಿನ ವಿಷಯ ಹೇಳುವಾಗಲಂತೂ ಊರೂರಿಗೆ ಬೇರೆ ಮರೆಮಾತು. ಅದು ಗೊತ್ತಿಲ್ಲದೆ ನೇರವಾಗಿ ಕೇಳಿದರೆ ಆಕೆ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗುತ್ತಾಳೆ, ನಿಮ್ಮ ಹಿಸ್ಟರಿ ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿ ನನಗೆ ಎರಡನೆಯ ಕನ್ನಡ ಕೊಟ್ಟಿತು. ಇವತ್ತಿಗೂ ಮಂಡ್ಯದ ಸಕ್ಕರೆ ಸೀಮೆಗೆ ಕಬ್ಬು ಕಡಿಯಲು ಬಡಗಣದಿಂದ ಬಂದವರು ನಮ್ಮ ಕ್ಲಿನಿಕ್ಕಿಗೆ ಬಂದರೆ, "ಯಾಕ ಬೇ, ಏನ್ ತ್ರಾಸ ಆಗೈತಿ" ಎನ್ನುತ್ತೇನೆ; ಅವರ ಹೆಗಲು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಬಳ್ಳಾರಿಯ ಬಿಸಿಲಿಗೆ ಹೆದರಿ ತೆಗೆದುಕೊಂಡ ಸೀಟಿನಿಂದ ಇಷ್ಟು ಸಿಕ್ಕಿತು.

ಕಾರವಾರದಲ್ಲಾದರೆ ಕನ್ನಡದ ಜೊತೆಗೆ ಕೊಂಕಣಿ ಬರಬೇಕು. ಬೀದರಿನಲ್ಲಿ ದಖನಿ, ಮರಾಠಿ, ತೆಲುಗು ಕಿವಿಗೆ ಬೀಳುತ್ತವೆ, ಮಂಗಳೂರಿನಲ್ಲಿ ತುಳು, ಬ್ಯಾರಿ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷದ ಆರಂಭಕ್ಕೆ ಫೌಂಡೇಷನ್ ಕೋರ್ಸ್ ಎಂದೊಂದಿದೆ, ಅದರಲ್ಲಿ ಸ್ಥಳೀಯ ಭಾಷೆಗೂ ಒಂದಷ್ಟು ಗಂಟೆ ಇಟ್ಟಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಭಾಷೆ ಕಲಿಸುವುದು ಆಯಾಗಳು ಮತ್ತು ರೋಗಿಯ ಕಡೆಯವರು.

ಈಗ ಅಮ್ಮಂದಿರ ಪ್ರಶ್ನೆಗಳಿಗೆ ಬರೋಣ. ಅವು ಸಣ್ಣವಲ್ಲ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ. ಕೊಪ್ಪಳದಲ್ಲಿ ಆರುನೂರರ ಆಸುಪಾಸು. ಅಂಕಿ ಓದಿದರೆ ಏನೂ ಅನ್ನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಪ್ರನ್ ಒಣಗುವುದಿಲ್ಲ ಎಂದರೆ ಅನ್ನಿಸುತ್ತದೆ. ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮರುತಿಂಗಳೇ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಮಗಳು ಗೌರಿ ಹಬ್ಬಕ್ಕೆ ಬರುತ್ತಾಳೋ ಇಲ್ಲವೋ ಎಂಬುದನ್ನು ಅಲ್ಲಿ ಗುಡ್ಡವೂ ನಿರ್ಧರಿಸುತ್ತದೆ. ಅದೇ ರಸ್ತೆಯ ಮೇಲೆ ರೋಗಿಗಳೂ ಹೋಗಬೇಕು ಎಂಬುದು ಇನ್ನೂ ದೊಡ್ಡ ಸಂಕಟ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ತಲೆಗೆ ಪೆಟ್ಟಾದವನನ್ನು ಗೋವಾಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವ ಆಂಬುಲೆನ್ಸ್ ಹೊರಡುವುದನ್ನು ನೋಡುತ್ತ ನಿಲ್ಲುವುದೂ ಅಂಥ ಕಡೆಯ ವಿದ್ಯಾಭ್ಯಾಸದ ಒಂದು ಭಾಗ. ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಯಾರನ್ನು ಇನ್ನೈದು ನಿಮಿಷ ತಡ ಮಾಡದೆ ಕಳಿಸಬೇಕು ಎಂಬ ಅಂದಾಜು ಅಲ್ಲಿ ಬೇಗ ಬರುತ್ತದೆ. ಕಳಿಸಿದ ಮೇಲೆ ಆತನಿಗೆ ಏನಾಯಿತು, ಏನು ಆಪರೇಷನ್ ಮಾಡಿದರು ಎಂಬುದು ಮಾತ್ರ ನಿಮಗೆ ತಿಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ನಾನು ಆ ಆಂಬುಲೆನ್ಸುಗಳು ಬಂದು ನಿಲ್ಲುವ ಕಡೆ ಇದ್ದೆ. ಎರಡೂ ತುದಿಯಲ್ಲಿ ಕಲಿಯಲು ಇದೆ, ಎರಡೂ ಅರ್ಧರ್ಧ.

ಬಿಸಿಲಿನ ಬಗ್ಗೆ ಒಂದೇ ಮಾತು. ಏಪ್ರಿಲ್, ಮೇನಲ್ಲಿ ಕಲಬುರಗಿ, ರಾಯಚೂರಿನ ಹಾಸ್ಟೆಲ್ಲಿನ ಮೇಲಿನ ಮಹಡಿಯಲ್ಲಿ ಮಲಗುವ ಮಕ್ಕಳು ನೆಲಕ್ಕೆ ನೀರು ಸುರಿದು, ಅದರ ಮೇಲೆ ಚಾಪೆ ಹಾಸುತ್ತಾರೆ. ಒಗ್ಗುತ್ತದೆ.

ಹೆಣ್ಣುಮಕ್ಕಳ ಸುರಕ್ಷತೆ ಎಂದಾಗ ಎಲ್ಲ ಅಪ್ಪಂದಿರೂ "ದೊಡ್ಡ ಊರು, ಹಳೆಯ ಕಾಲೇಜು, ಭಯವಿಲ್ಲ" ಎನ್ನುತ್ತಾರೆ. 2024ರ ಆಗಸ್ಟಿನಲ್ಲಿ ಟ್ರೈನಿ ವೈದ್ಯೆಯೊಬ್ಬಳು ಡ್ಯೂಟಿಯಲ್ಲಿದ್ದಾಗಲೇ ಹತ್ಯೆಯಾದದ್ದು ಕೋಲ್ಕತ್ತ ನಗರದೊಳಗೇ ಇರುವ ಆರ್.ಜಿ. ಕರ್ ಎಂಬ ಹಳೆಯ, ದೊಡ್ಡ ಕಾಲೇಜಿನಲ್ಲಿ. ಊರಿನ ಗಾತ್ರ ಕಾವಲು ಕಾಯುವುದಿಲ್ಲ. ಲೇಬರ್ ವಾರ್ಡಿನಿಂದ ಲೇಡೀಸ್ ಹಾಸ್ಟೆಲ್ಲಿಗೆ ರಾತ್ರಿ ಎರಡಕ್ಕೆ ನಡೆದು ಹೋಗುವ ದಾರಿಯಲ್ಲಿ ಎಷ್ಟು ದೀಪ ಉರಿಯುತ್ತವೆ, ಡ್ಯೂಟಿ ರೂಮಿಗೆ ಒಳಗಿನಿಂದ ಚಿಲಕ ಇದೆಯೇ, ಬಾತ್‌ರೂಮು ಎಷ್ಟು ದೂರ, ಇವನ್ನು ನೋಡಿ. ಹೊಸ ಕಾಲೇಜುಗಳಲ್ಲಿ ಕ್ಯಾಂಪಸ್ಸು ಊರಾಚೆ, ಆಸ್ಪತ್ರೆ ಊರೊಳಗೆ ಇರುವುದುಂಟು. ನಡುವೆ ಕಾಲೇಜು ಬಸ್ಸು. ಆ ಬಸ್ಸಿನ ಕೊನೆಯ ಟ್ರಿಪ್ಪು ಎಷ್ಟು ಗಂಟೆಗೆ ಎಂಬುದು ಮಾಲ್ ಎಷ್ಟು ದೂರ ಎನ್ನುವುದಕ್ಕಿಂತ ನಿಮ್ಮ ಐದೂವರೆ ವರ್ಷವನ್ನು ಹೆಚ್ಚು ಆಳುತ್ತದೆ. ನನ್ನ ಹಾಸ್ಟೆಲ್ಲಿನಿಂದ ಕ್ಯಾಶುವಾಲಿಟಿಗೆ ನಡೆದೇ ಹೋಗಬಹುದಿತ್ತು. ಉಣಕಲ್ ಕೆರೆ, ದುರ್ಗದ ಬೈಲಿನ ಗಿರ್ಮಿಟ್ಟು ಎಲ್ಲ ನೆನಪಿದೆ, ಸುಳ್ಳು ಹೇಳುವುದಿಲ್ಲ. ಆದರೆ ವರ್ಷದಲ್ಲಿ ಎಷ್ಟು ಸಂಜೆ ದುರ್ಗದ ಬೈಲಿಗೆ ಹೋಗಿದ್ದೆ ಎಂದು ಲೆಕ್ಕ ಹಾಕಿದರೆ ಕೈಬೆರಳು ಸಾಕು. ಆ ನಡಿಗೆಯ ಹಾದಿ ಮಾತ್ರ ಈಗಲೂ ಕನಸಿನಲ್ಲಿ ಬರುತ್ತದೆ.

ಮನೆ ಹತ್ತಿರವೇ ಇರಬೇಕಾದ ಮಕ್ಕಳೂ ಇದ್ದಾರೆ. ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದ್ದರೆ, ಅಮ್ಮ ಒಬ್ಬಳೇ ಇದ್ದರೆ, ಪಿಯುಸಿಯ ಎರಡು ವರ್ಷದಲ್ಲೇ ಮನಸ್ಸು ಕುಸಿದು ಎದ್ದಿದ್ದರೆ, ಹತ್ತಿರದ ಕಾಲೇಜನ್ನೇ ಮೇಲೆ ಹಾಕಿ. ಯಾರಿಗೂ ಸಮಜಾಯಿಷಿ ಕೊಡಬೇಡಿ. ನಮ್ಮ ಬ್ಯಾಚಿನಲ್ಲಿ ಕರಾವಳಿಯ ಹುಡುಗನೊಬ್ಬನಿದ್ದ. ಅನಾಟಮಿ ಹಾಲಿನ ಫಾರ್ಮಲಿನ್ ವಾಸನೆಗೆ ಕಣ್ಣುರಿಯುವುದು ನಮಗೆಲ್ಲ ಇದ್ದದ್ದೇ, ಅವನಿಗೆ ಅದರ ಮೇಲೆ ಮಾತಿಲ್ಲದ ಒಂಟಿತನ. ಮೆಸ್ಸಿನಲ್ಲಿ ರೊಟ್ಟಿ ಮುರಿದು ಹಾಗೇ ಕೂತಿರುತ್ತಿದ್ದ. ನಾವು "ಮೀನಿಲ್ಲ ಅಂತ ಅಳ್ತಾನೆ" ಎಂದು ನಗುತ್ತಿದ್ದೆವು. ಮೊದಲ ವರ್ಷದ ಪರೀಕ್ಷೆಗೆ ಮುಂಚೆ ಟ್ರಂಕು ಹಿಡಿದು ಹೊರಟುಹೋದ. ಮರುವರ್ಷ ಊರ ಹತ್ತಿರ ಇಂಜಿನಿಯರಿಂಗ್ ಸೇರಿದನಂತೆ. ಅವನು ಕೂತಿದ್ದ ಬೆಂಚಿಗೆ ಹೋಗಿ ಎದುರು ಕೂರಬಹುದಿತ್ತಲ್ಲ ಎಂದು ಇಪ್ಪತ್ತು ವರ್ಷ ಕಳೆದ ಮೇಲೆ ಅನ್ನಿಸುತ್ತದೆ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಜಿಲ್ಲೆಯ ಸರ್ಕಾರಿ ಕಾಲೇಜಿನ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ಫೀಸು, ಮೇಲೆ ಬೆಂಗಳೂರಿನ ಊಟ, ಓಡಾಟ. ಅದಕ್ಕಾಗಿ ಗದ್ದೆ ಅಡ ಇಡುವವರನ್ನು ಕಂಡಿದ್ದೇನೆ. ಆ ಕಾಲೇಜಿನ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಷ್ಟು ಹಾಸಿಗೆ ತುಂಬಿವೆ ಎಂದು ಒಮ್ಮೆ ನೋಡಿ ಬಂದು ಆಮೇಲೆ ಅಡ ಇಡಿ. 150 ಸೀಟಿನ ಕಾಲೇಜಿಗೆ 600ಕ್ಕೂ ಹೆಚ್ಚು ಹಾಸಿಗೆ ಇರಬೇಕೆಂದು ನಿಯಮ. ಹಾಸಿಗೆಗೂ ರೋಗಿಗೂ ವ್ಯತ್ಯಾಸವಿದೆ.

ಆಪ್ಷನ್ ಎಂಟ್ರಿಯ ಚಾಲಾಕಿತನಗಳ ಬಗ್ಗೆ: ಬೇಡ. ಸೀಟು ಹಂಚುವ ಕೆಇಎ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿಕೊಂಡು, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. "ಸಿಗಲಾರದ್ದನ್ನು ಮೇಲೆ ಹಾಕಿದರೆ ಸಿಗುವುದೂ ತಪ್ಪುತ್ತದೆ" ಎಂದು ಹೇಳುವವರ ಮಾತು ಕೇಳಬೇಡಿ. ಬೇಕಾದದ್ದು ಮೇಲೆ, ಅಷ್ಟೇ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ, ಆ ದಿನಗಳನ್ನು ನಿದ್ದೆಯಲ್ಲಿ ಕಳೆಯಬೇಡಿ. ಹಳೇ ಮೈಸೂರಿನ ಮಕ್ಕಳಿಗೆ ಇನ್ನೊಂದು ಮಾತು: "ಕೊಪ್ಪಳ, ರಾಯಚೂರು, ಬೀದರ್ ಕೆಳಗಿಡೋಣ, ಹೇಗೂ ಸಿಗುತ್ತದೆ" ಎಂದುಕೊಳ್ಳಬೇಡಿ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ಆ ಭಾಗದ ಮಕ್ಕಳಿಗೆ ಮೀಸಲು. ಅದು ಅವರ ಹಕ್ಕು. ತಲೆಮಾರುಗಳಿಂದ ವೈದ್ಯರಿಲ್ಲದೆ ಒದ್ದಾಡಿದ ನಾಡು ಅದು. ನಿಮ್ಮ ಪೈಪೋಟಿ ಉಳಿದದ್ದಕ್ಕೆ ಮಾತ್ರ.

ಸಾಧ್ಯವಾದರೆ ಹೋಗಿ ನೋಡಿ ಬನ್ನಿ, ವಾರದ ನಡುವಿನ ದಿನ. ಭಾನುವಾರ ಹೋದರೆ ಕಟ್ಟಡ ಮಾತ್ರ ಸಿಗುತ್ತದೆ. ಪ್ರಿನ್ಸಿಪಾಲರ ಕೋಣೆಗೆ ಹೋಗಬೇಡಿ. ಕ್ಯಾಂಟೀನಿಗೆ ಹೋಗಿ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಹೌಸ್‌ಸರ್ಜನ್ ಒಬ್ಬರಿಗೆ ಟೀ ಕೊಡಿಸಿ. "ನೀವು ಎಷ್ಟು ಹೆರಿಗೆ ಮಾಡಿಸಿದ್ದೀರಿ?" ಎಂದು ಕೇಳಿ. ಉತ್ತರಕ್ಕಿಂತ, ಉತ್ತರ ಹೇಳುವಾಗಿನ ಮುಖ ನೋಡಿ.

ನಮ್ಮ ಬೀದಿಯ ಹುಡುಗಿಗೂ ಇದನ್ನೆಲ್ಲ ಹೇಳಿದ್ದೆ. ಫ್ಲೋರೈಡ್, ಇಲಿಜ್ವರ, ಹಾವು, ಪೀಜಿ, ಯೂಜಿ, ಸೂಜಿ. ಒಂದು ಗಂಟೆ ಕೂತು, ತಲೆಯಾಡಿಸುತ್ತ ಎಲ್ಲ ಬರೆದುಕೊಂಡಳು. ಮೂರು ದಿನ ಬಿಟ್ಟು ಬಂದು ಕಾರವಾರ ಮೇಲೆ ಹಾಕಿದೆ ಎಂದಳು. ನನ್ನ ಮಾತು ನಾಟಿತೆಂದು ಖುಷಿಯಾಯಿತು. ಯಾವುದು ನೋಡಿ ನಿರ್ಧಾರ ಮಾಡಿದೆ, ಜ್ವರವೋ ಹಾವೋ ಎಂದು ಕೇಳಿದೆ.

"ಇಲ್ಲ ಆಂಟಿ, ನಾನು ಸಮುದ್ರ ನೋಡೇ ಇಲ್ಲ."

ಈಗ ಅವಳಿಗೆ ವಾರ್ಡ್ ಪೋಸ್ಟಿಂಗ್ ನಡೆಯುತ್ತಿದೆ. ಸಮುದ್ರ ಆಸ್ಪತ್ರೆಯಿಂದ ಕೂಗಳತೆಯಲ್ಲಿದೆ. ಹೋಗುವುದು ಇಂಟರ್ನಲ್ಸ್ ಮುಗಿದ ದಿನ ಮಾತ್ರವಂತೆ. ಮೊನ್ನೆ ರಜೆಗೆ ಬಂದಿದ್ದಳು. ಅವಳಮ್ಮ ಬಿಪಿ ಮಾತ್ರೆಗೆ ಬಂದವರು ಕುರ್ಚಿ ಎಳೆದುಕೊಂಡು ಪಿಸುಗುಟ್ಟಿದರು: "ಮೇಡಂ, ಅಲ್ಲಿ ಮುದ್ದೆ ಇಲ್ದೆ ಅವಳಿಗೆ ಏನೋ ಆಗದೆ. ಕನ್ನಡಿ ಮುಂದೆ ನಿಂತ್ಕೊಂಡು ಒಬ್ಳೇ ಖಂಯ್ ಖಂಯ್ ಅಂತಾಳೆ."

ಹುಡುಗಿ ಬಾಗಿಲ ಬಳಿ ನಿಂತು ನಗುತ್ತಿದ್ದಳು. ಕಳೆದ ತಿಂಗಳು ಮಾಜಾಳಿ ಕಡೆಯ ಮೀನುಗಾರ ಅಜ್ಜಿಯೊಬ್ಬರ ಹೊಟ್ಟೆ ಮುಟ್ಟಿ "ಎಲ್ಲಿ ನೋಯ್ತದೆ" ಎಂದು ಮೂರು ಸಲ ಕೇಳಿದಳಂತೆ; ಅಜ್ಜಿ ಮೂರು ಸಲವೂ ಸುಮ್ಮನೆ ಇವಳ ಮುಖ ನೋಡಿದರಂತೆ. ಪಕ್ಕದ ಹಾಸಿಗೆಯವರು ಹೇಳಿಕೊಟ್ಟದ್ದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ನಾಲ್ಕನೇ ಸಲ ಕೇಳಿದಳಂತೆ.

"ಖಂಯ್ ದುಕ್ತಾ, ಆಜ್ಜೀ?"




ನಿಮ್ಮ,
ನಡಾ ಡಾಕ್ಟರ್
ಮಂಡ್ಯ